ಹನ್ನೊಂದನೆಯ ನೆರಿಗೆ

ಡೊಲೀನಾ ಮೆಕ್ಯಾಸ್ಕಿಲ್ ಉಡುವ ಕಿಲ್ಟಿನ, ಅಂದರೆ ನಮ್ಮ ಕಡೆಯ ಗಂಡಸರು ಸೊಂಟದಿಂದ ಮಂಡಿಯವರೆಗೆ ಸುತ್ತುವ ಚೌಕಳಿ ಉಣ್ಣೆಯ ಉಡುಪಿನ, ಹಿಂಬದಿಯಲ್ಲಿ ಇಪ್ಪತ್ತಾರು ನೆರಿಗೆಗಳಿವೆ. ಎಡದಿಂದ ಎಣಿಸಿದರೆ ಹನ್ನೊಂದನೆಯದು ತಪ್ಪು. ಚೌಕಳಿಯ ಕೆಂಪು ಗೆರೆ ಪ್ರತಿ ನೆರಿಗೆಯ ನಡುಮಧ್ಯೆ ಬಂದು ನಿಲ್ಲಬೇಕು. ಇದೊಂದರಲ್ಲಿ ಮಾತ್ರ ಒಂದು ಗೋಧಿಕಾಳಿನಷ್ಟು ಪಕ್ಕಕ್ಕೆ ಸರಿದಿದೆ. ಪರವೂರಿನವರಿಗೆ ಬೆರಳಿಟ್ಟು ತೋರಿಸಿದರೂ ಅದು ಕಾಣುವುದಿಲ್ಲ. ನಮ್ಮ ಇನ್ವರ್‌ಗರವ್‌ನಲ್ಲಿ ಮಾತ್ರ ಅಂಗಡಿ ಬಾಗಿಲಲ್ಲಿ ನಿಂತ ಮುದುಕಿಯರು ರಸ್ತೆಯ ಆ ಬದಿಯಿಂದಲೇ ಅದನ್ನು ಗುರುತಿಸಿ ಮೂಗು ಮುರಿಯುತ್ತಾರೆ.

ನಲವತ್ತೆರಡು ವರ್ಷದ ಹಿಂದೆ ಡೊಲೀನಾ ಯೂಯಿನ್ ಗಿಲಿಸ್ ಮೇಷ್ಟ್ರ ಹೊಲಿಗೆಮನೆಯಲ್ಲಿ ಕೆಲಸ ಕಲಿಯುತ್ತಿದ್ದಳು. ಕಿಲ್ಟ್ ಹೊಲಿಯುವ ಮನೆಯಲ್ಲಿ ಒಂದು ಕ್ರಮವಿದೆ. ಎಂಟು ಗಜದ ಉಣ್ಣೆ ಬಟ್ಟೆಯನ್ನು ಹಾಸಿ, ನೆರಿಗೆ ಎಲ್ಲೆಲ್ಲಿ ಬರಬೇಕೆಂದು ಬಿಳಿ ದಾರದ ಟಾಕು ಹಾಕಿ ಗುರುತು ಮಾಡುವುದು ಮೇಷ್ಟ್ರ ಕೆಲಸ. ಆ ಗುರುತಿನಂತೆ ಮಡಚಿ ಕೈಯಲ್ಲಿ ಹೊಲಿಯುವುದು ಕಲಿಯುವವರ ಕೆಲಸ. ಹೊಲಿದು ಮುಗಿದ ಮೇಲೆ ಟಾಕುಗಳನ್ನೆಲ್ಲ ಕಿತ್ತು ಒಲೆಗೆ ಹಾಕುತ್ತಾರೆ. ಆಮೇಲೆ ತಪ್ಪು ಯಾರದೆಂದು ಹೇಳಲು ದೇವರೇ ಇಳಿದು ಬರಬೇಕು. ಕೊನೆಗೆ ಗಿರಾಕಿಗೆ ಉಡಿಸಿ, ಒಂದು ಸುತ್ತು ತಿರುಗಿಸಿ ನೋಡಿ, ಮೇಷ್ಟ್ರಿಗೆ ಒಪ್ಪಿಗೆಯಾದರೆ ಸೊಂಟಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಅಡ್ಡ-ಉದ್ದ ಎರಡೇ ಎರಡು ಹೊಲಿಗೆ ಹಾಕುತ್ತಿದ್ದರು. ಅದುವರೆಗೆ ಆ ಕೆಂಪು ಹೊಲಿಗೆ ಇಲ್ಲದ ಕಿಲ್ಟ್ ಅವರ ಬಾಗಿಲು ದಾಟಿದ್ದೇ ಇರಲಿಲ್ಲ.

ಆ ಸಲ ಗಿರಾಕಿ ಕಣಿವೆಯಾಚೆಯ ಜಮೀನ್ದಾರ, ಸಣಕಲು ಆಸಾಮಿ. ಅವನು ಕನ್ನಡಿಯ ಮುಂದೆ ತಿರುಗುತ್ತಿದ್ದಂತೆ ಹೆಂಡತಿ ಕುರ್ಚಿಯಿಂದ ಎದ್ದು ಬಂದು ಒಂದು ನೆರಿಗೆಯ ಮೇಲೆ ಉಗುರಿಟ್ಟಳು. ಮೇಷ್ಟ್ರ ಮುಖ ಕೆಂಪಗಾಯಿತು.

"ಯಾರು ಹೊಲಿದದ್ದು ಇದನ್ನ?"

"ನಾನೇ ಮೇಷ್ಟ್ರೇ," ಎಂದಳು ಡೊಲೀನಾ.

"ಕಣ್ಣು ಎಲ್ಲಿಟ್ಕೊಂಡಿದ್ದೆ? ತಗೊಂಡು ಹೋಗು ಇದನ್ನ. ನೀನೇ ಉಟ್ಕೊಂಡು ಬೆಟ್ಟ ಹತ್ತು. ಅಲ್ಲಿ ಕುರಿ ಬಿಟ್ರೆ ಯಾರೂ ನೋಡಲ್ಲ."

ಜಮೀನ್ದಾರನ ಹೆಂಡತಿ ಕಿಸಕ್ಕನೆ ನಕ್ಕಳು. ಡೊಲೀನಾಳಿಗೆ ಆಗ ಇಪ್ಪತ್ತನಾಲ್ಕು ವರ್ಷ, ಕೋಪ ಮೂಗಿನ ತುದಿಯಲ್ಲಿ. "ಹತ್ತುತೀನಿ. ಎಷ್ಟು ಬೆಟ್ಟ ಹತ್ತಿದ್ರೆ ಇದಕ್ಕೆ ಕೆಂಪು ಹೊಲಿಗೆ ಹಾಕ್ತೀರಾ, ಅದನ್ನ ಹೇಳಿ."

"ಪಟ್ಟಿಯಲ್ಲಿರೋದು ಎಲ್ಲಾ ಹತ್ತು. ಆಮೇಲೆ ಬಾ," ಎಂದು ಮೇಷ್ಟ್ರು ಗದರಿಬಿಟ್ಟರು.

ಪಟ್ಟಿ ಎಂದರೆ ನಮ್ಮಲ್ಲಿ ಒಂದೇ ಪಟ್ಟಿ. ಮೂರು ಸಾವಿರ ಅಡಿ ದಾಟಿದ ಬೆಟ್ಟಗಳದು, ಒಟ್ಟು ಇನ್ನೂರ ಎಂಬತ್ತೆರಡು. ಮೇಷ್ಟ್ರು ಬೈಗುಳವೆಂದು ಆಡಿದ್ದನ್ನು ಈ ಹುಡುಗಿ ಕರಾರು ಎಂದು ಗಂಟು ಹಾಕಿಕೊಂಡಳು.

ಅಂದಿನಿಂದ ಅದೇ ಕಿಲ್ಟ್. ಹಿಮದಲ್ಲಿ ಉಟ್ಟಳು, ಸೊಂಟದ ತನಕ ಹೂತುಹೋಗುವ ಜೌಗಿನಲ್ಲಿ ಉಟ್ಟಳು. ಮೂರು ಮಕ್ಕಳಾದಾಗ ಮೂರು ಸಲ ಬಕಲು ಆಚೆ ಸರಿಸಿದಳು, ಆಮೇಲೆ ಎರಡು ಸಲ ಈಚೆ ತಂದಳು. ಗಂಡಸರ ಕಿಲ್ಟು ಬಲಕ್ಕೆ ಕಟ್ಟುವಂಥದ್ದು, ಹೆಂಗಸು ಉಡಬಾರದೆಂದು ಪಾದ್ರಿಯ ಹೆಂಡತಿ ಬುದ್ಧಿ ಹೇಳಿದಾಗ ಕ್ಯಾರೇ ಅನ್ನಲಿಲ್ಲ. ಜುಲೈಯ ಸಂಜೆ ಸೊಳ್ಳೆಯ ಮರಿಯಂಥ ಹಾಳು ನುಸಿಗಳು ಮೊಣಕಾಲನ್ನು ಕಡಿದು ಬಾತುಕೊಳ್ಳುವಂತೆ ಮಾಡಿದವು, ಅದನ್ನೂ ಸಹಿಸಿದಳು. ಉಟ್ಟವರಿಗೆ ಮಾತ್ರ ಗೊತ್ತು ಅದರ ಸುಖ. ಏರುವಾಗ ಮಂಡಿಗೆ ಅಡ್ಡಿಯಿಲ್ಲ. ಮಳೆ ಬಂದರೆ ನೆನೆಯುವುದು ಚರ್ಮ, ಅದನ್ನು ಗಾಳಿ ಎರಡು ನಿಮಿಷದಲ್ಲಿ ಒಣಗಿಸುತ್ತದೆ. ಕುಳಿತರೆ ನೆರಿಗೆಯೇ ಜಮಖಾನ. ಇಷ್ಟಾದರೂ ನಮ್ಮ ಗಂಡಸರು ಅದನ್ನು ಮದುವೆ ಮನೆಗೆ ಮೀಸಲಿಟ್ಟು, ಬೆಟ್ಟಕ್ಕೆ ಸರಪರ ಸದ್ದು ಮಾಡುವ ಪ್ಯಾಂಟು ಹಾಕಿಕೊಂಡು ಹೋಗುತ್ತಾರೆ. ಇವರ ಅಜ್ಜಂದಿರು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಇನ್ನೂರ ಎಂಬತ್ತೊಂದು ಮುಗಿಯಿತು. ಕೊನೆಯದಾಗಿ ಉಳಿಸಿಕೊಂಡದ್ದು ಊರಿನ ನೆತ್ತಿಯ ಮೇಲಿರುವ ಬೆನ್ ಕಾಲ್ಯಾಕ್, ಅಂದರೆ ಅಜ್ಜಿಬೆಟ್ಟ. ಜೂನ್ ತಿಂಗಳ ಕೊನೆಯ ಶನಿವಾರ ಏರುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಮೇಷ್ಟ್ರ ಮಗಳು ಮೊರಾಗ್ ಕಡಲಾಚೆಯ ನೋವಾ ಸ್ಕೋಷಿಯಾದಿಂದ ಬಂದಿಳಿದಳು, ತೊಂಬತ್ತಮೂರರ ಅಪ್ಪನನ್ನು ತನ್ನ ಜೊತೆ ಕರೆದೊಯ್ಯಲು. ಭಾನುವಾರ ಬೆಳಗ್ಗೆ ವಿಮಾನ. ಹೋದರೆ ಮೇಷ್ಟ್ರು ತಿರುಗಿ ಬರುವ ಮಾತಿಲ್ಲ. ಶನಿವಾರ ತಪ್ಪಿದರೆ ಕೆಂಪು ಹೊಲಿಗೆ ಈ ಜನ್ಮಕ್ಕೆ ತಪ್ಪಿತು.

ಮೂರು ದಿನದಿಂದ ಜಪ್ಪಯ್ಯ ಎಂದರೂ ಮಳೆ ಬಿಟ್ಟಿರಲಿಲ್ಲ. ಶನಿವಾರ ಬೆಳಗ್ಗೆ ನಿಂತಿತು. ರಸ್ತೆ ಮುಗಿಯುವ ಜಾಗದಲ್ಲಿ ಮೊರಾಗ್ ಕಾರು ನಿಲ್ಲಿಸಿದ್ದಳು. ಹಿಂದಿನ ಡಿಕ್ಕಿ ತೆರೆದು, ಅದರೊಳಗೆ ಮೆತ್ತೆ ಹಾಕಿ, ಮೇಷ್ಟ್ರನ್ನು ಕೂರಿಸಿದ್ದಳು. ಅವರ ತೊಡೆಯ ಮೇಲೆ ಜಿಂಕೆ ಬೇಟೆಯವರು ಬಳಸುವ ಉದ್ದನೆಯ ಹಿತ್ತಾಳೆ ದುರ್ಬೀನು, ಜೇಬಿನಲ್ಲಿ ಸೂಜಿಡಬ್ಬಿ.

"ತುದಿ ಮುಟ್ಟಿದ ಮೇಲೆ ಈ ಕಡೆ ಬೆನ್ನು ಮಾಡಿ ನಿಲ್ಲು. ನೆರಿಗೆ ನೋಡದೆ ನಾನು ನಂಬಲ್ಲ," ಎಂದರು ಮೇಷ್ಟ್ರು.

"ಅಷ್ಟು ದೂರದಿಂದ ನೆರಿಗೆ ಕಾಣ್ಸುತ್ತಾ ಮೇಷ್ಟ್ರೇ?"

"ಆ ನೆರಿಗೆ ನನಗೆ ಕಣ್ಣು ಮುಚ್ಚಿದ್ರೂ ಕಾಣ್ಸುತ್ತೆ. ನಡಿ ನಡಿ."

ಜೊತೆಗೆ ಬಂದವರು ಊರಿನ ಬೆಟ್ಟದ ಕೂಟದವರು, ಐದು ಜನ. ಕೂಟದ ಮುಖ್ಯಸ್ಥ ಫರ್ಕರ್ ಮ್ಯಾಥಿಸನ್, ಆರಡಿ ಎರಡಂಗುಲದ ದೈತ್ಯ, ಶಾಲೆಯಲ್ಲಿ ಭೂಗೋಳ ಹೇಳಿ ನಿವೃತ್ತನಾದವನು. ಪಟ್ಟಿಯನ್ನು ಹತ್ತು ವರ್ಷ ಮೊದಲೇ ಮುಗಿಸಿದ್ದಾನೆ, ಅದನ್ನು ಎಲ್ಲರಿಗೂ ನೆನಪಿಸುತ್ತಲೂ ಇರುತ್ತಾನೆ. ಮಾರುಕಟ್ಟೆಗೆ ಹೊಸ ಪ್ಯಾಂಟು ಬಂದರೆ ಮೊದಲು ಅವನ ಕಾಲಿಗೇ ಬರಬೇಕು.

"ಏನೇ ಡಾಲಿ, ಇವತ್ತಾದ್ರೂ ಮನುಷ್ಯರ ಹಾಗೆ ಪ್ಯಾಂಟು ಹಾಕ್ಕೊಂಡು ಬರ್ಬಾರದಿತ್ತಾ? ಇದು ನೋಡು, ಮೂರು ಪದರ. ನೀರು ಒಳಗೆ ಹೋಗಲ್ಲ, ಬೆವರು ಹೊರಗೆ ಬರುತ್ತೆ."

"ನಂದೂ ಅಷ್ಟೇ ಕಣಪ್ಪ. ಎಲ್ಲಾ ಹೊರಗೇ ಇರುತ್ತೆ," ಎಂದಳು ಡೊಲೀನಾ. ಡಿಕ್ಕಿಯೊಳಗೆ ಮೇಷ್ಟ್ರು ಖೊಕ್ಕನೆ ನಕ್ಕು ಕೆಮ್ಮಿದರು.

ಒಂದು ಗಂಟೆ ನಡೆದು ಆಲ್ಟ್ ಗರವ್ ಹಳ್ಳಕ್ಕೆ ಬಂದಾಗ ಎಲ್ಲರ ನಗು ನಿಂತಿತು. ಮರದ ಕಾಲುಸಂಕ ಇದ್ದ ಜಾಗದಲ್ಲಿ ಎರಡು ಗೂಟಗಳಷ್ಟೇ ಉಳಿದಿದ್ದವು. ಮೂರು ದಿನದ ಮಳೆ ಅದನ್ನು ಕಿತ್ತುಕೊಂಡು ಹೋಗಿತ್ತು. ನೀರು ಚಹಾದ ಬಣ್ಣ ತಳೆದು, ಬಂಡೆಗಳನ್ನು ಉರುಳಿಸುತ್ತ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಮೊರೆಯುತ್ತಿತ್ತು.

ಡೊಲೀನಾ ಹಿಂದುಮುಂದು ನೋಡದೆ ಇಳಿದಳು. ಕಿಲ್ಟನ್ನು ಒಂದು ಗೇಣು ಎತ್ತಿ ಹಿಡಿದು, ಕೋಲೂರುತ್ತ ಮೂರರಲ್ಲಿ ಒಂದು ಪಾಲು ದಾಟಿದಳು. ನೀರು ಮೊಣಕಾಲಿನ ಮೇಲೆ ಬಂತು. ಆಳಕ್ಕೆ ಅವಳು ಹೆದರಲಿಲ್ಲ. ಆದರೆ ಕಾಲಡಿಯ ಕಲ್ಲುಗಳು ಜಾರುತ್ತಿದ್ದವು, ಸೆಳೆತ ಒಂಟಿ ಮೈಯನ್ನು ನಿಲ್ಲಲು ಬಿಡುತ್ತಿರಲಿಲ್ಲ. ಕೋಲು ಬಾಗಿತು. ಮೆಲ್ಲನೆ ಹಿಂದಕ್ಕೆ ಹೆಜ್ಜೆ ಹಾಕಿ ದಡಕ್ಕೆ ಬಂದಳು.

"ಒಬ್ಬರಿಗಾಗಲ್ಲ. ಮೂರು ಮೂರು ಜನ ತೋಳು ಹಿಡ್ಕೊಂಡು ಹೋದ್ರೆ ಆಗುತ್ತೆ," ಎಂದಳು. "ಭಾರ ಇರೋನು ಮೇಲ್ಗಡೆ ನಿಂತು ನೀರು ಒಡೀಬೇಕು. ಅಂದ್ರೆ ನೀನು, ಫರ್ಕರ್."

ಫರ್ಕರ್ ಆಕಾಶ ನೋಡಿದ, ನೀರು ನೋಡಿದ, ತನ್ನ ಪ್ಯಾಂಟು ನೋಡಿಕೊಂಡ. "ಆಗಲ್ಲ ಡಾಲಿ. ನೀರು ತೊಡೆ ತನಕ ಬರುತ್ತೆ. ಪ್ಯಾಂಟಿನೊಳಗೆ ನೀರು ತುಂಬಿದ್ರೆ ಆಮೇಲೆ ಐದು ಗಂಟೆ ಆ ಗಾಳಿಯಲ್ಲಿ ಒದ್ದೆ ಪ್ಯಾಂಟಲ್ಲಿ ನಡೀಬೇಕು. ಒಬ್ಬರಲ್ಲ ಒಬ್ಬರು ಚಳಿಗೆ ಸೆಟೆದು ಬೀಳ್ತಾರೆ. ನಾನು ಮುಖ್ಯಸ್ಥ, ನಾನು ಒಪ್ಪಲ್ಲ. ಮುಂದಿನ ವಾರ ಬರೋಣ."

"ಮುಂದಿನ ವಾರ ಮೇಷ್ಟ್ರು ಎಲ್ಲಿರ್ತಾರೆ?"

ಫರ್ಕರ್ ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಡೊಲೀನಾಳಿಗೆ ಅದೇ ಇನ್ನೂ ಸಂಕಟವಾಯಿತು. ನಲವತ್ತೆರಡು ವರ್ಷ ಹೊತ್ತುಕೊಂಡು ಬಂದದ್ದು ಇಪ್ಪತ್ತು ಹೆಜ್ಜೆಯ ನೀರಿನ ಮುಂದೆ ನಿಂತುಹೋಗಿತ್ತು. ಕಣ್ಣು ತುಂಬಿ ಬಂತು. ಅದನ್ನು ಯಾರೂ ನೋಡದಿರಲೆಂದು ತಲೆ ತಗ್ಗಿಸಿದಳು. ತಗ್ಗಿಸಿದಾಗ ಕಂಡದ್ದು ತನ್ನ ಕಾಲು. ಇದೀಗ ಹಳ್ಳದಿಂದ ಎದ್ದು ಬಂದ ಕಾಲು ಆಗಲೇ ಅರ್ಧ ಒಣಗಿತ್ತು.

ಅವಳು ತಲೆ ಎತ್ತಿದಳು. "ಪ್ಯಾಂಟು ತಾನೇ ತೊಂದ್ರೆ? ಹಾಗಾದ್ರೆ ಬಿಚ್ಚು."

"ಏನು?"

"ಬಿಚ್ಚಿ ಚೀಲಕ್ಕೆ ಹಾಕ್ಕೊ. ಬೂಟು ಇರ್ಲಿ. ಆಚೆ ಹೋಗಿ ಕಾಲು ಒರೆಸ್ಕೊಂಡು ಒಣಗಿದ ಪ್ಯಾಂಟು ಹಾಕ್ಕೊ. ಅರವತ್ತೆಂಟು ವರ್ಷದೋನ ಮೊಣಕಾಲು ನೋಡೋಕೆ ಇಲ್ಲಿ ಯಾರೂ ಕಾದು ಕೂತಿಲ್ಲ."

ಉಳಿದ ನಾಲ್ವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರಲ್ಲಿ ಅಂಚೆಕಚೇರಿಯ ಪೆಗಿ ಎಲ್ಲರಿಗಿಂತ ಮೊದಲು ಬಗ್ಗಿ ಪ್ಯಾಂಟಿನ ಗುಂಡಿಗೆ ಕೈ ಹಾಕಿದಳು. ಪೆಗಿಯೇ ಬಿಚ್ಚಿದ ಮೇಲೆ ಗಂಡಸರು ನಿಂತು ನೋಡುವುದು ಹೇಗೆ? ಫರ್ಕರ್ ಕೊನೆಯವನಾಗಿ, ದಡದ ಬಂಡೆಯ ಹಿಂದೆ ಹೋಗಿ ಬಿಚ್ಚಿದ. ತನ್ನ ಮೂರು ಪದರದ ಪ್ಯಾಂಟು, ಅದರ ಮೇಲೆ ಹಾಕುವ ಇನ್ನೊಂದು ಪ್ಯಾಂಟು ಎರಡನ್ನೂ ಸುರುಳಿ ಸುತ್ತಿ, ನೀರು ಹೋಗದ ಕಿತ್ತಳೆ ಬಣ್ಣದ ಚೀಲದಲ್ಲಿಟ್ಟು, ಬಾಯಿ ಬಿಗಿದು, ಹೆಗಲ ಚೀಲದ ಮೇಲೆ ಕಟ್ಟಿದ. ಕಟ್ಟುವಾಗ ಎಲ್ಲರಿಗೂ ಆ ಚೀಲದ ಗುಣಗಾನ ಮಾಡಿದ.

ಮೂವರು ಮೂವರಾಗಿ ಇಳಿದರು. ಮೊದಲ ಗುಂಪಿನಲ್ಲಿ ಮೇಲ್ಗಡೆ ಫರ್ಕರ್, ಅವನ ಮರೆಯಲ್ಲಿ ಡೊಲೀನಾ ಮತ್ತು ಪೆಗಿ. ಒಬ್ಬರ ತೋಳು ಒಬ್ಬರು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ. ದೈತ್ಯನ ಮೈಗೆ ಹೊಡೆದು ನೀರು ಎರಡಾಗಿ ಸೀಳಿಕೊಂಡು ಹೋಯಿತು. ಆಚೆ ದಡ ಮುಟ್ಟಿದಾಗ ಡೊಲೀನಾ ಅವನ ಬೆನ್ನು ತಟ್ಟಿದಳು. ಸೆಳೆತಕ್ಕೂ ಅಲುಗದ ಮೈಯವನು, ಎರಡು ಕೋಲೂರಿ ತಿರುಗಿ ಹೋಗಿ ಎರಡನೆಯ ಗುಂಪನ್ನೂ ಕರೆತಂದ. ಎಲ್ಲರೂ ದಡ ಸೇರಿದರು. ದಡಕ್ಕೆ ಕಾಲಿಡುವ ಕೊನೆಯ ಹೆಜ್ಜೆಯಲ್ಲಿ ಫರ್ಕರ್ ಎಡವಿ, ಮುಂದಕ್ಕೆ ವಾಲಿ, ಹುಲ್ಲು ಹಿಡಿದು ಎದ್ದ. ಆಗ ಕಿತ್ತಳೆ ಚೀಲ ಕಳಚಿ ನೀರಿಗೆ ಬಿತ್ತು.

ಅದು ಮುಳುಗಲಿಲ್ಲ. ನೀರು ಹೋಗದ ಚೀಲ ಮುಳುಗುವುದಾದರೂ ಹೇಗೆ? ಚೆಂದವಾಗಿ ತೇಲುತ್ತ, ಬಂಡೆಗಳ ನಡುವೆ ನುಸುಳುತ್ತ, ತಿರುವಿನಲ್ಲಿ ಒಮ್ಮೆ ಗಿರಕಿ ಹೊಡೆದು ಕಣ್ಮರೆಯಾಯಿತು. ಬೂಟು, ಮೇಲಂಗಿ, ಟೋಪಿ ಎಲ್ಲ ಸರಿಯಾಗಿದ್ದು, ನಡುವೆ ಒಂದು ನೀಲಿ ಚಡ್ಡಿಯಲ್ಲಿ ಫರ್ಕರ್ ನಿಂತಿದ್ದ. ಯಾರೂ ನಗಲಿಲ್ಲ, ನಗು ತಡೆದುಕೊಂಡು ಪೆಗಿಯ ಕಣ್ಣಲ್ಲಿ ನೀರು ಬಂತು.

"ನೀವು ಹೋಗಿ. ನಾನು ಇಲ್ಲೇ ಇರ್ತೀನಿ," ಎಂದ ಅವನು. ಆ ದನಿ ಕೇಳಿ ಡೊಲೀನಾಳಿಗೆ ಪಾಪ ಅನ್ನಿಸಿತು.

"ಇಲ್ಲೇ ಇದ್ರೆ ಸೆಟೆದು ಹೋಗ್ತೀಯ. ಪೆಗಿ, ಕೇಕು ಸುತ್ತಿಕೊಂಡು ಬಂದಿದ್ಯಲ್ಲ, ಆ ಕಂಬಳಿ ಕೊಡು."

ಪೆಗಿಯ ಕಾರಿನ ಹಿಂಬದಿ ಸೀಟಿನ ಕಂಬಳಿ ಅದು, ಹಸಿರು-ಹಳದಿ ಚೌಕಳಿ, ನಾಯಿಯ ಕೂದಲೂ ಇತ್ತು. ಡೊಲೀನಾ ಅದನ್ನು ಹುಲ್ಲಿನ ಮೇಲೆ ಹಾಸಿದಳು. ಹೆಗಲ ಚೀಲದ ಒಂದು ಪಟ್ಟಿ ಬಿಚ್ಚಿ ಅದರಡಿ ಅಡ್ಡಲಾಗಿ ತೂರಿಸಿದಳು. ಮೊಣಕಾಲೂರಿ ಕುಳಿತಳು. ಟಾಕಿಲ್ಲ, ಅಳತೆಪಟ್ಟಿಯಿಲ್ಲ; ಹೆಬ್ಬೆರಳು, ತೋರುಬೆರಳು ಎರಡೇ. ಹಳದಿ ಗೆರೆಯನ್ನು ಹಿಡಿದು ಮಡಚುತ್ತ ಹೋದಳು. ಕಂಬಳಿ ಚಿಕ್ಕದು, ಏಳು ನೆರಿಗೆಯಷ್ಟೇ ಬಂತು. ಏಳರ ಮೇಲೂ ಹಳದಿ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದೆ ನಿಂತಿತು.

"ಮಲ್ಕೊ ಇದರ ಮೇಲೆ."

"ಡಾಲಿ..."

"ನಿಮ್ಮ ಮುತ್ತಜ್ಜನ ಮುತ್ತಜ್ಜ ದಿನಾ ಬೆಳಗ್ಗೆ ಹೀಗೇ ಮಲಗಿ ಎದ್ದು ಉಡ್ತಿದ್ದದ್ದು. ಮಲ್ಕೊ ಸುಮ್ನೆ. ಮಂಡಿಯ ಹಿಂದಕ್ಕೆ ಅಂಚು ಬರ್ಬೇಕು. ಹಾಂ."

ಆರಡಿಯ ಭೂಗೋಳದ ಮೇಷ್ಟ್ರು ಅಂಗಾತ ಮಲಗಿದ. ಅವಳು ಎರಡೂ ತುದಿಗಳನ್ನು ಮುಂದಕ್ಕೆ ಎಳೆದು ಒಂದರ ಮೇಲೊಂದು ಹೊದಿಸಿ ಪಟ್ಟಿ ಬಿಗಿದಳು. ಎದ್ದು ನಿಂತಾಗ ಮಿಕ್ಕ ಬಟ್ಟೆ ಸೊಂಟದ ಮೇಲಿಂದ ಜೋಲಾಡಿತು, ಕೆಳಗೆ ನೆರಿಗೆ ತೂಗಿತು. ಡೊಲೀನಾ ಅಭ್ಯಾಸಬಲದಿಂದ, "ತಿರುಗು," ಎಂದಳು. ಅವನು ವಿಧೇಯನಾಗಿ ಒಂದು ಸುತ್ತು ತಿರುಗಿದ. ಈಗ ಎಲ್ಲರಿಗೂ ನಗು ಸ್ಫೋಟಿಸಿತು, ಅವನಿಗೂ.

ಏರು ಕಡಿದಾಗಿತ್ತು. ಅರ್ಧ ದಾರಿಯಲ್ಲಿ ಜಡಿಮಳೆ ಬಂದು ಹೋಯಿತು. ಪ್ಯಾಂಟಿನವರು ಒದ್ದೆಮುದ್ದೆಯಾಗಿ ಪಚಪಚ ಸದ್ದು ಮಾಡುತ್ತ ನಡೆದರು. ಮುಂದೆ ಹೋಗುತ್ತಿದ್ದ ಫರ್ಕರ್ ಒಂದು ಕಡೆ ನಿಂತು, ತನ್ನ ಕಾಲನ್ನೇ ದಿಟ್ಟಿಸಿದ. "ಡಾಲಿ, ಒಣಗಿಬಿಟ್ಟಿದೆ ಕಣೇ."

"ಗೊತ್ತು."

"ಮಂಡಿ ಎಲ್ಲೂ ಹಿಡಿಯೋದೇ ಇಲ್ಲ. ಗಾಳಿ ಎಷ್ಟು ಹಿತವಾಗಿದೆ ಗೊತ್ತಾ?"

"ನಲವತ್ತೆರಡು ವರ್ಷದಿಂದ ಗೊತ್ತು. ಬಾಯಿ ಮುಚ್ಚಿ ಹತ್ತು."

ತುದಿಯ ಹತ್ತಿರ ಮಂಜು ಕವಿದಿತ್ತು. ತುದಿಯ ಗುರುತಿಗೆ ಪೇರಿಸಿದ ಕಲ್ಲುಗುಪ್ಪೆಗೆ ಐವತ್ತು ಹೆಜ್ಜೆ ಇರುವಾಗ ಐವರೂ ಮುಂದೆ ಓಡಿ, ಎದುರುಬದುರು ನಿಂತು, ಊರುಗೋಲುಗಳನ್ನು ಎತ್ತಿ ಕಮಾನು ಹಿಡಿದರು. ಪಟ್ಟಿ ಮುಗಿಸುವವರಿಗೆ ಸಲ್ಲುವ ಮರ್ಯಾದೆ ಅದು. ಡೊಲೀನಾ ಕಮಾನಿನ ಅಡಿಯಲ್ಲಿ ನಡೆದು ಬಂದು ಕಲ್ಲುಗುಪ್ಪೆಯ ಮೇಲೆ ಎರಡೂ ಅಂಗೈ ಇಟ್ಟಳು. ಇನ್ನೂರ ಎಂಬತ್ತೆರಡು. ಅಳಬಾರದೆಂದುಕೊಂಡಿದ್ದವಳು ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು.

ಆದರೆ ಕಣಿವೆ ಪೂರ್ತಿ ಬೆಳ್ಳಗೆ ಮುಚ್ಚಿಕೊಂಡಿತ್ತು. ಅವಳು ಕಣಿವೆಗೆ ಬೆನ್ನು ಮಾಡಿ ನಿಂತಳು. ಐದು ನಿಮಿಷ ಆಯಿತು, ಹತ್ತು ಆಯಿತು. ಪೆಗಿ ಕೇಕು ಕತ್ತರಿಸಿದಳು, ವಿಸ್ಕಿಯ ಬಾಟಲಿ ಕೈಯಿಂದ ಕೈಗೆ ಹೋಯಿತು. ಡೊಲೀನಾ ಕದಲಲಿಲ್ಲ. ಇಪ್ಪತ್ತನೆಯ ನಿಮಿಷಕ್ಕೆ ಬೆನ್ನಿಗೆ ಬಿಸಿಲು ತಾಗಿತು.

"ತೆರೀತು!" ಎಂದು ಫರ್ಕರ್ ಕೂಗಿದ. ಕೂಗಿದವನು ಅವಳ ಪಕ್ಕಕ್ಕೆ ಓಡಿ ಬಂದು, ತಾನೂ ಕಣಿವೆಗೆ ಬೆನ್ನು ಮಾಡಿ, ಕಾಲು ಅಗಲಿಸಿ ನಿಂತ. ದೂರದ ಕೆಳಗಿನಿಂದ ಕಾರಿನ ಹಾರ್ನ್ ಕೇಳಿಸಿತು. ಒಮ್ಮೆಯಲ್ಲ, ಬಿಡದೆ, ಬಡಕೊಂಡಂತೆ.

ಇಳಿದು ಬರುವಷ್ಟರಲ್ಲಿ ಸಂಜೆ ಏಳು, ಬಿಸಿಲು ಇನ್ನೂ ಜೋರಾಗಿಯೇ ಇತ್ತು. ಹಳ್ಳವೂ ಒಂದು ಗೇಣು ಇಳಿದಿತ್ತು. ಮೇಷ್ಟ್ರು ಡಿಕ್ಕಿಯಲ್ಲಿ ನೆಟ್ಟಗೆ ಕುಳಿತಿದ್ದರು. "ಎರಡು ಕಿಲ್ಟು ಕಂಡ್ವಲ್ಲ. ಇನ್ನೊಂದು ಯಾರದು?" ಎಂದು ಕೇಳುತ್ತಿದ್ದಂತೆ ಫರ್ಕರ್ ಎದುರಿಗೆ ಬಂದ. ಮೇಷ್ಟ್ರು ದುರ್ಬೀನಿನಲ್ಲೇ ಅವನನ್ನು ಅಡಿಯಿಂದ ಮುಡಿತನಕ ನೋಡಿದರು. "ತಿರುಗು," ಎಂದರು. ತಿರುಗಿದ. "ಏಳೂ ಸರಿ ಇದೆ. ನಾಯಿ ವಾಸನೆ ಬರುತ್ತೆ, ಅದು ಬಿಟ್ರೆ ಸರಿ."

ಡೊಲೀನಾ ಒಂದು ಪಕ್ಕದ ಬಕಲು ಬಿಚ್ಚಿ, ಸೊಂಟಪಟ್ಟಿಯ ಒಳಮಗ್ಗುಲನ್ನು ಹೊರಗೆ ಮಡಚಿ, ಅವರ ಕೈಗೆಟಕುವಂತೆ ಬೆನ್ನು ಮಾಡಿ ನಿಂತಳು. ಮೇಷ್ಟ್ರು ಸೂಜಿಗೆ ಮೊದಲೇ ಕೆಂಪು ದಾರ ಪೋಣಿಸಿ ಕೋಟಿನ ಕಾಲರಿಗೆ ಸಿಕ್ಕಿಸಿಕೊಂಡಿದ್ದರು. ಅವರ ಬೆರಳು ಕಿಲ್ಟಿನ ಒಳಗಿನ ಅಸ್ತರು ಬಿಚ್ಚಿಕೊಂಡಿದ್ದ ಕಡೆ ಹರಿದಾಡಿ, ಹನ್ನೊಂದನೆಯ ನೆರಿಗೆಯ ಹತ್ತಿರ ತಡೆಯಿತು. ಅಲ್ಲಿ ಬಿಳಿ ದಾರದ ಒಂದು ಟಾಕು ಹಾಗೇ ಉಳಿದಿತ್ತು, ಅದಕ್ಕೆ ಎರಡು ಗಂಟು. ಇನ್ವರ್‌ಗರವ್‌ನಲ್ಲಿ ಟಾಕಿಗೆ ಎರಡು ಗಂಟು ಹಾಕುತ್ತಿದ್ದವರು ಒಬ್ಬರೇ.

"ನನ್ನ ಟಾಕು," ಎಂದರು ಮೇಷ್ಟ್ರು. ಎಲ್ಲರಿಗೂ ಕೇಳುವಂತೆ ಹೇಳಿದರು. "ತಪ್ಪು ಜಾಗದಲ್ಲಿ ಹಾಕಿದ್ದು ನಾನು. ಆಗಲೇ ನನಗೆ ಅನುಮಾನ ಬಂದಿತ್ತು. ಜಮೀನ್ದಾರನ ಮುಂದೆ ಮರ್ಯಾದೆ ಹೋಗುತ್ತೆ ಅಂತ ಹುಡುಗಿ ತಲೆಗೆ ಕಟ್ಟಿದೆ. ನಿನಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನವೇ. ಕಿಲ್ಟಿನ ಅಸ್ತರು ಬಿಚ್ಚಿ ನೋಡ್ದೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀವು ಅವತ್ತೇ ಬಿಚ್ಚಿ ಸರಿ ಮಾಡಿ ಜಮೀನ್ದಾರನಿಗೆ ಕೊಡ್ತಿದ್ರಿ. ನಾನು ಒಂದು ಬೆಟ್ಟನೂ ಹತ್ತುತಿರಲಿಲ್ಲ ಮೇಷ್ಟ್ರೇ."

ಮೊರಾಗ್ ಮೂಗೊರೆಸಿಕೊಂಡಳು. ಮೇಷ್ಟ್ರು ಸೂಜಿಯನ್ನು ಡೊಲೀನಾಳ ಕಡೆ ಚಾಚಿದರು. "ತಪ್ಪು ಮಾಡಿದೋನು ಒಪ್ಪಿಗೆ ಹಾಕೋದು ಹೇಗೆ? ಸೂಜಿ ನೀನೇ ತಗೊ," ಎಂದರು.

"ಅದೆಲ್ಲ ಆಗಲ್ಲ. ಇನ್ನೂರ ಎಂಬತ್ತೆರಡು ಹತ್ತಿದ್ದು ನಿಮ್ಮ ಹೊಲಿಗೆಗೆ. ಹಾಕಿ."

ಮೇಷ್ಟ್ರು ಸೂಜಿ ಚುಚ್ಚಿದರು. ಅಡ್ಡ ಒಂದು ಹೊಲಿಗೆ ಬಿತ್ತು, ಉದ್ದ ಒಂದು ಬಿತ್ತು. ದಾರ ಕಡಿಯಲು ಹಲ್ಲಿರಲಿಲ್ಲ, ಮೊರಾಗ್ ಕತ್ತರಿಸಿದಳು. ಡೊಲೀನಾ ಬಕಲು ಕಳಚಿ ಕಿಲ್ಟನ್ನು ಪೂರ್ತಿ ಬಿಚ್ಚಿದಳು. ಒಳಗೆ ಹಾಕಿದ್ದ ಚಡ್ಡಿಯಲ್ಲೇ ನಿಂತು, ಸೊಂಟಪಟ್ಟಿಯನ್ನು ಬಿಸಿಲಿಗೆ ಹಿಡಿದು, ಹೊಲಿಗೆಮನೆಯಲ್ಲಿ ಮೇಷ್ಟ್ರು ಕಲಿಯುವವರ ಕೆಲಸ ನೋಡುತ್ತಿದ್ದ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಸೊಟ್ಟಗಿದೆ ಮೇಷ್ಟ್ರೇ," ಎಂದಳು.

"ಹಾಗಾದ್ರೆ ವಾಪಸ್ ಮಾಡ್ತೀಯಾ?"

ಡೊಲೀನಾ ಕಿಲ್ಟನ್ನು ಮತ್ತೆ ಸೊಂಟಕ್ಕೆ ಸುತ್ತಿ ಬಕಲು ಬಿಗಿದಳು.

"ಇರ್ಲಿ ಬಿಡಿ. ಬೆಟ್ಟಕ್ಕೆ ತಾನೇ ಉಡೋದು? ಅಲ್ಲಿ ಕುರಿ ಬಿಟ್ರೆ ಯಾರೂ ನೋಡಲ್ಲ."